ಬಳ್ಳಿ ಸೊಂಪಾಗಿದೆ, ದ್ರಾಕ್ಷಿ ಯಾಕೆ ಬಿಡ್ತಿಲ್ಲ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ನಾಲ್ಕು ವರ್ಷದ ಹಿಂದೆ ಹಿತ್ತಿಲಲ್ಲಿ ದ್ರಾಕ್ಷಿ ಗಿಡ ನೆಟ್ಟೆವು. ಹಲಸಿನ ಮರದ ತುಂಬಾ ಹಬ್ಬಿದೆ. ಎಲೆ ಬೇಕಾದಷ್ಟಿದೆ, ಗೊಂಚಲು ಮಾತ್ರ ಒಂದೂ ಕಂಡಿಲ್ಲ. ಮಲೆನಾಡಿಗೆ ದ್ರಾಕ್ಷಿ ಆಗಿಬರೋದಿಲ್ವಾ?

ಉತ್ತರ: ಮನೆಮಟ್ಟಿಗೆ ಖಂಡಿತ ಬರುತ್ತದೆ. ಎಕರೆಗಟ್ಟಲೆ ಬೆಳೆಯುವ ಮಾತು ಬೇರೆ. ದ್ರಾಕ್ಷಿಗೆ ಹೆಸರಾದ ವಿಜಯಪುರದಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು, ನಮ್ಮ ಆಗುಂಬೆಯಲ್ಲಿ ಅದು 7000 ದಾಟುತ್ತದೆ. ಆದರೆ ನಿಮ್ಮ ಬಳ್ಳಿಯ ತೊಂದರೆ ಮಳೆಯೊಂದೇ ಅಲ್ಲ. ಅದಕ್ಕೆ ಬಿಸಿಲು ಸಿಕ್ಕಿಲ್ಲ, ಕತ್ತರಿಯೂ ಬಿದ್ದಿಲ್ಲ.

ಮಲೆನಾಡಿನವರಿಗೆ ಬಳ್ಳಿ ಅಂದರೆ ಕಾಳುಮೆಣಸು. ಮರಕ್ಕೆ ಹಬ್ಬಿಸಿ, ಬುಡಕ್ಕೆ ದರಗು ಹಾಕಿದರೆ ನೆರಳಲ್ಲೇ ಫಲ ಕೊಡುತ್ತದೆ. ದ್ರಾಕ್ಷಿಯ ಗುಣ ಇದಕ್ಕೆ ಪೂರ್ತಿ ಉಲ್ಟಾ. ಅದರ ಹೂಗೊಂಚಲು ಬರುವುದು ಹೊಸ ಚಿಗುರಿನಲ್ಲಿ. ಆ ಚಿಗುರು, ಬಲಿತು ಕಂದು ಬಣ್ಣಕ್ಕೆ ತಿರುಗಿದ ಕಡ್ಡಿಯ ಕಣ್ಣಿನಿಂದ, ಅಂದರೆ ಗೆಣ್ಣಿನ ಮೊಗ್ಗಿನಿಂದ, ಹೊರಡಬೇಕು. ಆ ಕಣ್ಣಿನೊಳಗೆ ಗೊಂಚಲು ತಿಂಗಳುಗಟ್ಟಲೆ ಮೊದಲೇ ಕಟ್ಟಿರುತ್ತದೆ. ಅದು ಕಟ್ಟುವಾಗ ಕಡ್ಡಿಗೆ ಬಿಸಿಲು ಬೀಳದಿದ್ದರೆ ಮುಂದೆ ಬರುವುದು ಬರೀ ಎಲೆ.

ಅದಕ್ಕೇ ನಮ್ಮ ಕಡೆಯ ಹವೆಯಲ್ಲಿ ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ ಚಾಟನಿ, ಅಂದರೆ ಕಡ್ಡಿ ಸವರುವ ಕೆಲಸ, ಮಾಡಬೇಕು. ಬಯಲುಸೀಮೆ ಕಡೆ ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಇನ್ನೊಂದು. ಬೇಸಿಗೆಯ ಚಾಟನಿಯಲ್ಲಿ ಪ್ರತಿ ಕಡ್ಡಿಗೆ ಒಂದೆರಡು ಕಣ್ಣು ಉಳಿಸಿ ಉಳಿದದ್ದನ್ನು ಕತ್ತರಿಸುತ್ತಾರೆ. ಅಲ್ಲಿಂದ ಸುಮಾರು 40ರಿಂದ 60 ದಿನಗಳಲ್ಲಿ ಹೊಸ ಕಡ್ಡಿಯ ಕಣ್ಣುಗಳಲ್ಲಿ ಗೊಂಚಲು ಕಟ್ಟುತ್ತದೆ. ಈಗ ನಮ್ಮ ಲೆಕ್ಕ ನೋಡಿ. ಜೂನ್ ಮೊದಲ ವಾರ ಮೋಡ ಕವಿದರೆ ಬಿಸಿಲು ಮುಗಿಯಿತು. ಹಾಗಾಗಿ ಮೇ ತಿಂಗಳಲ್ಲಿ ಕತ್ತರಿಸಿದರೆ ಸುಮ್ನೆ ಒಂದು ವರ್ಷ ಹೋದ ಹಾಗೆ. ಮಾರ್ಚ್ ಕೊನೆಗೆ, ತಪ್ಪಿದರೆ ಏಪ್ರಿಲ್ ಮೊದಲ ವಾರಕ್ಕೆ ಮುಗಿಸಿಬಿಡಿ. ಮಲೆನಾಡಿನಲ್ಲಿ ಬೇರೆಲ್ಲ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ, ಇದೊಂದು ದಿನಾಂಕ ತಪ್ಪಬಾರದು ಅಂತ ನನ್ನ ಅನಿಸಿಕೆ.

ಎರಡನೆಯದು ಹಣ್ಣಿನ ಚಾಟನಿ. ಅಕ್ಟೋಬರ್‌ನಲ್ಲಿ ನಮ್ಮಲ್ಲಿನ್ನೂ ಹಿಂಗಾರು ಮಳೆ ಇರುತ್ತದೆ. ಎಳೆ ಚಿಗುರು ನೆನೆದರೆ ಬೂಜು ರೋಗ ಹಿಡಿಯುತ್ತದೆ. ದೀಪಾವಳಿ ಕಳೆದು ಮಳೆ ಬಿಟ್ಟ ಮೇಲೆ ಮಾಡಿ. ಕತ್ತರಿಸಿದ ನಾಲ್ಕು ನಾಲ್ಕೂವರೆ ತಿಂಗಳಿಗೆ, ಅಂದರೆ ಮಾರ್ಚ್ ಹೊತ್ತಿಗೆ ಹಣ್ಣು. ಬೇಸಿಗೆ ಮಳೆ ಬಿದ್ದು ಹಣ್ಣು ಸೀಳುವ ಮೊದಲು ಕೈಗೆ ಸಿಗುತ್ತದೆ.

ಎಷ್ಟು ಕಣ್ಣು ಬಿಡಬೇಕು ಅನ್ನುವುದು ತಳಿಯ ಮೇಲೆ ಹೋಗುತ್ತದೆ. ಬೆಂಗಳೂರು ಬ್ಲೂ, ಅಂದರೆ ಜ್ಯೂಸಿಗೆ ಬಳಸುವ ಬೀಜದ ಕಪ್ಪು ದ್ರಾಕ್ಷಿ, ಬುಡದ ಕಣ್ಣಿನಲ್ಲೂ ಗೊಂಚಲು ಬಿಡುತ್ತದೆ. ಮೂರು ನಾಲ್ಕು ಕಣ್ಣು ಸಾಕು. ಬೀಜವಿಲ್ಲದ ಥಾಮ್ಸನ್‌ಗೆ ಕಡ್ಡಿ ಉದ್ದ ಬಿಡಬೇಕು. ಹೊಸದಾಗಿ ನೆಡುವವರಿಗೆ ನಾನು ಹೇಳುವುದು ಬೆಂಗಳೂರು ಬ್ಲೂ. ಇದಕ್ಕೆ ಎಲೆ, ಕಾಯಿಯ ಮೇಲೆ ಚುಕ್ಕೆ ಬೀಳುವ ಚಿಬ್ಬು ರೋಗದ ಕಾಟ ಕಡಿಮೆ. ಬೂಜು ರೋಗ ಮಾತ್ರ ಬಿಡುವುದಿಲ್ಲ.

ಆ ಬೂಜು ರೋಗಕ್ಕೆ ಮದ್ದು ನಿಮ್ಮ ಮನೆಯಲ್ಲೇ ಇದೆ. ಅಡಕೆಯ ಕೊಳೆ ರೋಗಕ್ಕೆ ಹೊಡೆಯುವ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹುಟ್ಟಿದ್ದೇ ದ್ರಾಕ್ಷಿಗಾಗಿ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳನ್ನು ಈ ರೋಗ ಹಾಳು ಮಾಡುತ್ತಿದ್ದಾಗ, ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಇದರ ಗುಣವನ್ನು ಲೋಕಕ್ಕೆ ತಿಳಿಸಿದರು. ಮುಂದೆ ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ಅಡಕೆಗೆ ತಂದರು. ಮನೆಯ ಒಂದು ಬಳ್ಳಿಗೆ 10 ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ ಸಾಕು. ಎಳೆ ಎಲೆಗೆ ಇದರ ಅರ್ಧ ಹದ. ಚಾಕು ಅದ್ದಿ ತೆಗೆದಾಗ ಕೆಂಪಗೆ ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸಬೇಕು, ಇದು ನಿಮಗೆ ಗೊತ್ತಿರುವುದೇ ಅಲ್ವಾ? ಮಳೆಗಾಲಕ್ಕೆ ಮುಂಚೆ ಒಂದು ಸಲ, ಆಮೇಲೆ ಮಳೆ ಬಿಟ್ಟು ಹೊಳವಾದಾಗೆಲ್ಲ ಹೊಡೆಯಿರಿ. ಕಾಯಿ ದಪ್ಪವಾದ ಮೇಲೆ ಬೇಡ.

ಈಗ ನಿಮ್ಮ ಬಳ್ಳಿಯ ವಿಷಯ. ಅದನ್ನು ಹಲಸಿನ ಮರದಿಂದ ಇಳಿಸಿ. ಬುಡ ಮರದ ಪಕ್ಕದಲ್ಲೇ ಇದ್ದರೆ ಆಸೆ ಬಿಡಿ. ಪೆನ್ಸಿಲ್ ದಪ್ಪದ, ನಾಲ್ಕು ಕಣ್ಣಿನ ಕಡ್ಡಿಗಳನ್ನು ಕತ್ತರಿಸಿ ಬೇರು ಬರಿಸಿ, ದಿನವಿಡೀ ಬಿಸಿಲು ಬೀಳುವ ಅಂಗಳದ ಅಂಚಿನಲ್ಲಿ ಮಳೆ ಕಳೆದ ಮೇಲೆ ನೆಡಿ. ಎರಡಡಿ ಗುಂಡಿ, ಕೊಟ್ಟಿಗೆ ಗೊಬ್ಬರ, ನಮ್ಮ ಹುಳಿ ಮಣ್ಣಿಗೆ ಒಂದಿಷ್ಟು ಸುಣ್ಣ. ನೀರು ನಿಲ್ಲದ ಹಾಗೆ ಬುಡ ಏರಿಸಿ. ಒಂದೇ ಕಾಂಡ ಬಿಟ್ಟು ಆರೇಳು ಅಡಿ ಎತ್ತರದ ಚಪ್ಪರಕ್ಕೆ ಹತ್ತಿಸಿ. ಅಡಕೆ ಮರದ ಕಂಬ ಎರಡು ಮಳೆಗಾಲಕ್ಕೆ ಲಡ್ಡಾಗುತ್ತದೆ, ಕಬ್ಬಿಣದ ಪೈಪು, ತಂತಿ ಒಳ್ಳೆಯದು.

ಕಾಯಿಗೆ ಬಣ್ಣ ಬರುವಾಗ ಗೊಂಚಲಿಗೆ ಕಾಗದದ ಚೀಲ ಕಟ್ಟಿದರೆ ಹಕ್ಕಿ, ಬಾವಲಿಯಿಂದ ಉಳಿಯುತ್ತದೆ. ಮಂಗ ಬಂದರೆ ಕಾಯಲೇಬೇಕು. ಬಣ್ಣ ಬಂತು ಅಂತ ಬೇಗ ಕೀಳಬೇಡಿ. ಬಾಳೆಗೊನೆಯ ಹಾಗೆ ದ್ರಾಕ್ಷಿ ಕೊಯ್ದಿಟ್ಟ ಮೇಲೆ ಹಣ್ಣಾಗುವುದಿಲ್ಲ. ಗೊಂಚಲಿನ ತುದಿಯ ಹಣ್ಣು ಕೊನೆಗೆ ಮಾಗುತ್ತದೆ. ಅದನ್ನೊಂದು ಬಾಯಿಗೆ ಹಾಕಿ ನೋಡಿ, ಸಿಹಿ ಇದ್ದರೆ ಇಡೀ ಗೊಂಚಲು ಕೊಯ್ಯಬಹುದು.