ಕಟ್ಟಡ ಹೊಸದಾದರೆ ಶಾಲೆ ಸುಧಾರಿಸುವುದೇ?

ಪ್ರಶ್ನೆ: ದೊಡ್ಡ ನಗರದ ಸರ್ಕಾರಿ ಶಾಲೆಗಳಿಗೆ ಖಾಸಗಿ ಶಾಲೆಗಳಂಥ ಕಟ್ಟಡ, ಕಂಪ್ಯೂಟರ್, ಆಟದ ಮೈದಾನ ಒದಗಿಸಿದರೆ ಅವು ತಾವಾಗಿಯೇ ಸುಧಾರಿಸುವುದಿಲ್ಲವೇ?

ಇಲ್ಲ. ಈ ಉತ್ತರವನ್ನು ಹಿಂದೆಯೂ ಕೊಟ್ಟಿದ್ದೇನೆ. ಪ್ರಶ್ನೆ ಮರಳಿ ಬರುತ್ತಲೇ ಇರುವುದರಿಂದ ಈ ಸಲ ಬಿಡಿಸಿ ಹೇಳುತ್ತೇನೆ. ಸೋರದ ಸೂರು, ಶೌಚಾಲಯ, ಕುಡಿಯುವ ನೀರು ಪ್ರತಿಯೊಂದು ಶಾಲೆಗೂ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿಂದಾಚೆಗೆ ಸೌಲಭ್ಯಕ್ಕೆ ಸುರಿದಷ್ಟೂ ಕಲಿಕೆ ಹೆಚ್ಚುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ.

ಅಮೆರಿಕದ ಮಿಸೌರಿ ರಾಜ್ಯದ ಕ್ಯಾನ್ಸಸ್ ಸಿಟಿಯಲ್ಲಿ ಇದರ ಪರೀಕ್ಷೆ ನಡೆದುಹೋಗಿದೆ. ಜನಾಂಗೀಯ ಪ್ರತ್ಯೇಕತೆಯನ್ನು ತೊಡೆದುಹಾಕಲೆಂದು 1985ರಿಂದ ನ್ಯಾಯಾಲಯವು ಹೊರಡಿಸಿದ ಆದೇಶಗಳಂತೆ, ಸುಮಾರು ಹನ್ನೆರಡು ವರ್ಷಗಳಲ್ಲಿ ಅಲ್ಲಿನ ಶಾಲೆಗಳಿಗೆ 200 ಕೋಟಿ ಡಾಲರಿನಷ್ಟು ಹಣ ಹರಿದುಬಂತು. ಹೊಸ ಕಟ್ಟಡಗಳೆದ್ದವು, ಒಲಿಂಪಿಕ್ ಅಳತೆಯ ಈಜುಕೊಳವೂ ಆಯಿತು, ಶಿಕ್ಷಕರ ಸಂಬಳವೂ ಏರಿತು. ಆದರೆ ಮಕ್ಕಳ ಅಂಕಗಳು ನಿರೀಕ್ಷಿಸಿದಂತೆ ಮೇಲೇರಲಿಲ್ಲ. 2000ದಲ್ಲಿ ಅಲ್ಲಿನ ಶಾಲಾ ಜಿಲ್ಲೆ, ಅಂದರೆ ಆ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ, ರಾಜ್ಯದ ಮಾನ್ಯತೆಯನ್ನೇ ಕಳೆದುಕೊಂಡಿತು. ಹಣ ವ್ಯರ್ಥವೆಂದು ಇದರಿಂದ ತೀರ್ಮಾನಿಸುವುದೂ ತಪ್ಪು. ತರಗತಿಯೊಳಗಿನ ಪಾಠ ಬದಲಾಗದೆ ಉಳಿದರೆ, ಸುತ್ತಲಿನ ಗೋಡೆಗಳನ್ನು ಬದಲಾಯಿಸುವುದರಿಂದ ಮಗುವಿಗೆ ಓದಲು ಬರುವುದಿಲ್ಲ, ಅಷ್ಟೇ.

ಹಾಗಾದರೆ ಏನು ಮಾಡಬೇಕು? ಲಂಡನ್ನಿನಲ್ಲಿ 2003ರಿಂದ 2011ರವರೆಗೆ ನಡೆದ 'ಲಂಡನ್ ಚಾಲೆಂಜ್' ಯೋಜನೆಯಲ್ಲಿ ಅನುಭವಿ ಮುಖ್ಯೋಪಾಧ್ಯಾಯರು ಹಿಂದುಳಿದ ಶಾಲೆಗಳ ಮುಖ್ಯೋಪಾಧ್ಯಾಯರ ಜೊತೆಗೆ ನಿಂತು ಮಾರ್ಗದರ್ಶನ ಮಾಡಿದರು. ಒಂದೇ ಬಗೆಯ ಮಕ್ಕಳಿರುವ ಶಾಲೆಗಳ ಫಲಿತಾಂಶಗಳನ್ನು ಅಕ್ಕಪಕ್ಕದಲ್ಲಿಟ್ಟು, ಎಲ್ಲಿ ಕೊರತೆಯಿದೆಯೆಂದು ಹುಡುಕಲಾಯಿತು. ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲೇ ಹಿಂದಿದ್ದ ಒಳಲಂಡನ್ನಿನ ಶಾಲೆಗಳು ರಾಷ್ಟ್ರದ ಸರಾಸರಿಯನ್ನು ದಾಟಿದವು. ಅದರ ಪೂರ್ಣ ಶ್ರೇಯ ಈ ಯೋಜನೆಗೇ ಸಲ್ಲಬೇಕೇ ಎಂಬುದರಲ್ಲಿ ಸಂಶೋಧಕರಿಗೆ ಭಿನ್ನಾಭಿಪ್ರಾಯವಿದೆ, ಏಕೆಂದರೆ ಪ್ರಾಥಮಿಕ ಶಾಲೆಗಳಲ್ಲಿ ಸುಧಾರಣೆ ಅದಕ್ಕೂ ಮೊದಲೇ ಆರಂಭವಾಗಿತ್ತು. ಆದರೂ ಶಿಕ್ಷಕರು ಶಿಕ್ಷಕರಿಂದಲೇ ಕಲಿಯುವ ಆ ಕ್ರಮ ನನಗೆ ಎಲ್ಲಕ್ಕಿಂತ ಅನುಕರಣೀಯವಾಗಿ ಕಾಣುತ್ತದೆ.

ಇದರ ಬೆನ್ನಿಗೇ ಏಳಬೇಕಾದ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ದಾಖಲಾತಿ ಕುಸಿದ ಶಾಲೆಗಳನ್ನು ಮುಚ್ಚಿ ವಿಲೀನಗೊಳಿಸುವುದು ಸರಿಯೇ? ಷಿಕಾಗೋ ನಗರ 2013ರಲ್ಲಿ ಸುಮಾರು 50 ಶಾಲೆಗಳನ್ನು ಒಮ್ಮೆಗೇ ಮುಚ್ಚಿತು. ಮುಚ್ಚುವ ಸುದ್ದಿ ಹೊರಬಿದ್ದ ವರ್ಷವೇ ಆ ಮಕ್ಕಳ ಕಲಿಕೆ ಹಿಂದೆ ಬಿದ್ದದ್ದು ಬಳಿಕದ ಅಧ್ಯಯನದಲ್ಲಿ ಕಂಡುಬಂತು. ವಿಲೀನ ಅನಿವಾರ್ಯವೇ ಆದಲ್ಲಿ, ಬೋಧನೆ ನಿಜವಾಗಿಯೂ ಉತ್ತಮವಾಗಿರುವ ಶಾಲೆಯನ್ನೇ ಆರಿಸಿ, ಮಕ್ಕಳ ಜೊತೆಗೆ ಅವರಿಗೆ ಪರಿಚಿತರಾದ ಶಿಕ್ಷಕರನ್ನೂ ಅಲ್ಲಿಗೇ ವರ್ಗಾಯಿಸಬೇಕು.