ಪಾಲಕ್ ತಿಂದರೆ ರಕ್ತ ಜಾಸ್ತಿ ಆಗುತ್ತಾ?

ಪ್ರಶ್ನೆ: ಹಿಮೋಗ್ಲೋಬಿನ್ ಕಡಿಮೆ ಇದೆ ಅಂತ ರಿಪೋರ್ಟ್ ಬಂದಿದೆ. ಪಾಲಕ್ ಸೊಪ್ಪು ತಿನ್ನಿ, ರಕ್ತ ಆಗುತ್ತೆ ಅಂತ ಎಲ್ಲರೂ ಹೇಳ್ತಾರೆ. ದಿನಾ ತಿಂದರೆ ಸಾಕಾ? ಹಸಿಯಾಗಿ ತಿನ್ನಬೇಕಾ, ಬೇಯಿಸಬೇಕಾ?

ಉತ್ತರ: ತಿನ್ನಿ, ಖಂಡಿತ ತಿನ್ನಿ. ಆದರೆ ಅದೊಂದನ್ನೇ ನಂಬಿಕೊಂಡು ಕೂರಬೇಡಿ.

100 ಗ್ರಾಂ ಹಸಿ ಪಾಲಕ್‌ನಲ್ಲಿ ಸುಮಾರು 2.7 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಒಂದು ಸೊಪ್ಪಿಗೆ ಇದು ಕಡಿಮೆ ಏನಲ್ಲ. ತೊಂದರೆ ಇರುವುದು ಅದು ಮೈಗೆ ಹತ್ತುವುದರಲ್ಲಿ. ಮಾಂಸದಲ್ಲಿರುವ ಕಬ್ಬಿಣವನ್ನು ನಮ್ಮ ಕರುಳು ಸುಲಭವಾಗಿ ಹೀರಿಕೊಳ್ಳುತ್ತದೆ. ಸೊಪ್ಪು, ಕಾಳುಗಳ ಕಬ್ಬಿಣ ಬೇರೆ ರೂಪದ್ದು, ಅದರಲ್ಲಿ ಒಳಗೆ ಸೇರುವುದು ಸ್ವಲ್ಪವೇ. ಸಾಲದ್ದಕ್ಕೆ ಪಾಲಕ್‌ನಲ್ಲೇ ಇರುವ ಪಾಲಿಫಿನಾಲ್ ಅನ್ನುವ ವಸ್ತುಗಳು ಅದಕ್ಕೆ ಇನ್ನಷ್ಟು ಅಡ್ಡ ಬರುತ್ತವೆ.

ಇದಕ್ಕೊಂದು ಸುಲಭದ ಉಪಾಯ ಇದೆ. ಒಲೆಯಿಂದ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಅದರಲ್ಲಿರುವ ವಿಟಮಿನ್ ಸಿ ಈ ಕಬ್ಬಿಣವನ್ನು ಕರುಳು ಹೀರಿಕೊಳ್ಳುವ ರೂಪಕ್ಕೆ ತರುತ್ತದೆ. ಕುದಿಯುವಾಗಲೇ ಹಿಂಡಿದರೆ ಶಾಖಕ್ಕೆ ಆ ವಿಟಮಿನ್ ಹಾಳಾಗುತ್ತದೆ. ಊಟ ಆದ ತಕ್ಷಣ ಟೀ, ಕಾಫಿ ಕುಡಿಯುವ ಅಭ್ಯಾಸ ಇದ್ದರೆ ಒಂದು ಗಂಟೆಯಾದರೂ ಮುಂದೂಡಿ. ಅವು ಕಬ್ಬಿಣವನ್ನು ಹಿಡಿದಿಟ್ಟುಕೊಂಡುಬಿಡುತ್ತವೆ.

ಇಷ್ಟೆಲ್ಲ ಮಾಡಿದರೂ, ರಿಪೋರ್ಟ್‌ನಲ್ಲಿ ಹಿಮೋಗ್ಲೋಬಿನ್ ನಿಜವಾಗಿ ಕೆಳಗಿದ್ದರೆ ಸೊಪ್ಪು ಮಾತ್ರೆಯ ಕೆಲಸ ಮಾಡುವುದಿಲ್ಲ. ಕಡಿಮೆ ಆಗಿದ್ದು ಯಾಕೆ ಅನ್ನುವುದೂ ಮುಖ್ಯ ಅಲ್ವಾ? ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುತ್ತಿರಬಹುದು, ಹೊಟ್ಟೆಯೊಳಗೆ ಹುಣ್ಣು ಇರಬಹುದು. ವಿಟಮಿನ್ ಬಿ12 ಕೊರತೆಯೂ ಇರಬಹುದು. ಪಾಲಕ್‌ನಲ್ಲಿ ಬಿ12 ಇಲ್ಲವೇ ಇಲ್ಲ, ಹಾಗಾಗಿ ಕಾರಣ ಅದೇ ಆಗಿದ್ದರೆ ಕಟ್ಟುಗಟ್ಟಲೆ ತಿಂದರೂ ಪ್ರಯೋಜನ ಇಲ್ಲ. ಡಾಕ್ಟರ ಹತ್ತಿರ ಕಾರಣ ತಿಳಿದುಕೊಳ್ಳಿ.

ನನ್ನ ಪ್ರಕಾರ ಪಾಲಕ್‌ಗೆ ಸಿಗಬೇಕಾದ ಹೆಸರು ಕಬ್ಬಿಣಕ್ಕಲ್ಲ, ಫೋಲೇಟ್‌ಗೆ. ಇದು ಬಿ ಗುಂಪಿನ ಒಂದು ವಿಟಮಿನ್, ಫೋಲಿಕ್ ಆಮ್ಲ ಇದರದ್ದೇ ಒಂದು ರೂಪ. 1941ರಲ್ಲಿ ವಿಜ್ಞಾನಿಗಳು ಫೋಲಿಕ್ ಆಮ್ಲವನ್ನು ಬೇರ್ಪಡಿಸಿದ್ದು ಇದೇ ಎಲೆಗಳಿಂದ. 100 ಗ್ರಾಂ ಹಸಿ ಸೊಪ್ಪಿನಲ್ಲಿ ಸುಮಾರು 190 ಮೈಕ್ರೋಗ್ರಾಂ ಇರುತ್ತದೆ. ದೊಡ್ಡವರಿಗೆ ದಿನಕ್ಕೆ 400 ಬೇಕು ಅಂತ ಲೆಕ್ಕ ಹಿಡಿದರೂ ಹತ್ತಿರ ಹತ್ತಿರ ಅರ್ಧ ಆಯಿತು. ಕೆಂಪು ರಕ್ತಕಣ ತಯಾರಾಗಲು ಫೋಲೇಟ್ ಬೇಕೇ ಬೇಕು. ಗರ್ಭದಲ್ಲಿ ಮಗುವಿನ ಮೆದುಳು, ಬೆನ್ನುಹುರಿ ರೂಪುಗೊಳ್ಳುವ ಮೊದಲ ವಾರಗಳಲ್ಲಂತೂ ಇದು ತುಂಬ ಮುಖ್ಯ. ಹಾಗಂತ ಬಸುರಿಯರು ಡಾಕ್ಟರ್ ಕೊಟ್ಟ ಫೋಲಿಕ್ ಆಸಿಡ್ ಮಾತ್ರೆ ಬಿಟ್ಟು ಸೊಪ್ಪು ಹಿಡಿಯಬಾರದು.

ಇನ್ನೊಂದು ಲ್ಯೂಟಿನ್. ಕಣ್ಣಿನ ಹಿಂಭಾಗದಲ್ಲಿ, ಸೂಕ್ಷ್ಮವಾಗಿ ನೋಡಲು ನೆರವಾಗುವ ಜಾಗದಲ್ಲಿ ಸೇರಿಕೊಳ್ಳುವ ಹಳದಿ ಬಣ್ಣದ ವಸ್ತು ಇದು. ಇದೂ, ವಿಟಮಿನ್ ಎ ಆಗಿ ಬದಲಾಗುವ ಬೀಟಾ ಕ್ಯಾರೋಟಿನ್ ಕೂಡ ಕರಗುವುದು ಕೊಬ್ಬಿನಲ್ಲಿ. ಎಣ್ಣೆ ಸೋಕಿಸದೆ ತಿನ್ನುವುದೇ ಆರೋಗ್ಯ ಅಂದುಕೊಂಡವರು ಇಲ್ಲಿ ನಷ್ಟ ಮಾಡಿಕೊಳ್ಳುತ್ತಾರೆ. ಒಂದು ಚಮಚ ಎಣ್ಣೆ ಇರಲಿ.

ಈಗ ಹಸಿಯೋ ಬೇಯಿಸಿದ್ದೋ ಅನ್ನುವ ವಿಷಯ. ಹಸಿ ಪಾಲಕ್ ಅಗಿದ ಮೇಲೆ ಹಲ್ಲಿನ ಮೇಲೆ ನಾಲಿಗೆ ಆಡಿಸಿ ನೋಡಿ, ಸುಣ್ಣ ಬಳಿದ ಗೋಡೆಯ ಥರ ಒರಟಾಗಿರುತ್ತದೆ. ಅದು ಸೊಪ್ಪಿನಲ್ಲೇ ಇರುವ ಆಕ್ಸಲೇಟ್ ಅನ್ನುವ ವಸ್ತುವಿನ ಕೆಲಸ. ಪಾಲಕ್‌ನಲ್ಲಿರುವ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವುದೂ ಇದೇ. ಹಾಲಿನ ಕ್ಯಾಲ್ಸಿಯಂನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ನಮಗೆ ಸಿಕ್ಕರೆ, ಪಾಲಕ್‌ನದ್ದು ಸಿಗುವುದು ನೂರಕ್ಕೆ 5ರಷ್ಟು. ಮೂಳೆಗೆ ಒಳ್ಳೆಯದು ಅಂತ ಇದನ್ನು ತಿನ್ನುವುದರಲ್ಲಿ ಹೆಚ್ಚು ಅರ್ಥ ಇಲ್ಲ.

ಜಾಸ್ತಿ ನೀರಿನಲ್ಲಿ ಕುದಿಸಿ ಬಸಿದರೆ ಆಕ್ಸಲೇಟ್ ಸಾಕಷ್ಟು ಹೋಗುತ್ತದೆ, ಆದರೆ ಫೋಲೇಟ್ ಕೂಡ ಅರ್ಧದಷ್ಟು ಅದೇ ಹಸಿರು ನೀರಿನ ಜೊತೆ ಹೋಗುತ್ತದೆ. ಹಾಗಾಗಿ ಯಾವ ತೊಂದರೆಯೂ ಇಲ್ಲದವರು ಬಸಿಯಬೇಡಿ. ತೊಳೆದಾಗ ಎಲೆಗೆ ಅಂಟಿದ ನೀರೇ ಸಾಕು. ಬಾಣಲೆಗೆ ಹಾಕಿ ಎರಡು ಮೂರು ನಿಮಿಷ ಕೈಯಾಡಿಸಿದರೆ ರಾಶಿ ಸೊಪ್ಪು ಬಾಡಿ ಒಂದು ಹಿಡಿ ಆಗುತ್ತದೆ. ಬೇಯಿಸಿದ ಸೊಪ್ಪಿನ ದೊಡ್ಡ ಲಾಭವೇ ಇದು, ಹಸಿಯಾಗಿ ಅಷ್ಟೊಂದು ಯಾರು ತಿನ್ನುತ್ತಾರೆ? ಹಸಿರು ಬಣ್ಣ ಉಳಿಯಲಿ ಅಂತ ಸೋಡಾ ಮಾತ್ರ ಹಾಕಬೇಡಿ, ವಿಟಮಿನ್ ಸಿ ಹಾಳಾಗುತ್ತದೆ.

ಕಿಡ್ನಿಯಲ್ಲಿ ಆಕ್ಸಲೇಟ್ ಕಲ್ಲು ಆಗಿದ್ದವರಿಗೆ ಲೆಕ್ಕ ಬೇರೆ. ಅವರು ಕುದಿಸಿ, ನೀರು ಬಸಿದೇ ತಿನ್ನಬೇಕು, ಅದೂ ಅಪರೂಪಕ್ಕೆ, ಸ್ವಲ್ಪ. ಜೊತೆಗೆ ಮೊಸರು ಇದ್ದರೆ ಒಳ್ಳೆಯದು. ಅದರ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟ್ ಜೊತೆ ಸೇರಿ ಹೊರಗೆ ಹೋಗುತ್ತದೆ, ಕಿಡ್ನಿವರೆಗೆ ತಲುಪುವುದು ಕಡಿಮೆ ಆಗುತ್ತದೆ.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರೂ ಹುಷಾರಾಗಿರಬೇಕು. ಪಾಲಕ್‌ನಲ್ಲಿ ವಿಟಮಿನ್ ಕೆ ಹೇರಳ, ಅದು ಈ ಮಾತ್ರೆಯ ವಿರುದ್ಧ ಕೆಲಸ ಮಾಡುತ್ತದೆ. ಪೂರ್ತಿ ಬಿಡಬೇಕಾಗಿಲ್ಲ. ಒಂದು ವಾರ ದಿನಾ ತಿಂದು ಮುಂದಿನ ವಾರ ಮುಟ್ಟದೇ ಇರುವುದು ತಪ್ಪು. ಎಷ್ಟು ತಿನ್ನುತ್ತೀರೋ ಅಷ್ಟೇ ಇರಲಿ, ಬದಲಾಯಿಸುವ ಮೊದಲು ಡಾಕ್ಟರಿಗೆ ಹೇಳಿ.