ಸ್ಟಾಲಿನ ಹಿಂದಿನ ಗೋಡೆಯಲ್ಲಿ ಏನೇನು ಬರೆಯಬೇಕು?

ಪ್ರಶ್ನೆ: ವಸ್ತುಪ್ರದರ್ಶನದಲ್ಲಿ ಮೊದಲ ಸಲ ಸ್ಟಾಲ್ ಹಾಕುತ್ತಿದ್ದೇವೆ. ಹಲಸಿನ ಹಪ್ಪಳ, ಚಿಪ್ಸ್, ಉಪ್ಪಿನಕಾಯಿ ನಮ್ಮದು. ಹಿಂದಿನ ಗೋಡೆಯ ಬ್ಯಾನರಿನಲ್ಲಿ ಏನೆಲ್ಲ ಇರಬೇಕು? (ಬದಿಯಡ್ಕದ ಓದುಗರು)

ಉತ್ತರ: ಮೇಳಗಳ ಸೀಸನ್ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಮತ್ತೊಮ್ಮೆ ಹೇಳುತ್ತೇನೆ. ನೀವು ಮಾರುವುದು ಏನು ಅಂತ ಒಂದು ಸಾಲು, ಒಂದು ದೊಡ್ಡ ಚಿತ್ರ, ನಿಮ್ಮ ಹೆಸರು. ಅಷ್ಟೇ. ಉಳಿದದ್ದೆಲ್ಲ ಕರಪತ್ರಕ್ಕೆ.

ಇಷ್ಟು ಹೇಳಿದ ಕೂಡಲೇ ಒಂದು ಮಾತು ಬಂದೇ ಬರುತ್ತದೆ: "ಅಷ್ಟು ಬಾಡಿಗೆ ಕೊಟ್ಟು ಗೋಡೆ ಖಾಲಿ ಬಿಡೋದಾ?" ಈ ಲೆಕ್ಕಾಚಾರವೇ ಒಳ್ಳೊಳ್ಳೆ ಸ್ಟಾಲುಗಳನ್ನು ಕೆಡಿಸುತ್ತಿದೆ. ಟೇಪ್ ಹಿಡಿದು ನೋಡೋಣ. ಸಾಮಾನ್ಯ ಸ್ಟಾಲ್ 3 ಮೀಟರ್ ಅಗಲ, 3 ಮೀಟರ್ ಆಳ. ಗೋಡೆಯ ಎತ್ತರ ಸುಮಾರು ಎರಡೂವರೆ ಮೀಟರ್. ಅದರ ಮುಂದೆ ಎರಡೂವರೆ ಅಡಿಯ ಮೇಜು, ಮೇಜಿನ ಮೇಲೆ ಪ್ಯಾಕೆಟ್‌ಗಳ ರಾಶಿ, ಹಿಂದೆ ನೀವಿಬ್ಬರು, ಮುಂದೆ ಗಿರಾಕಿಗಳು. ಗೋಡೆಯ ಕೆಳಗಿನ ಅರ್ಧ ಯಾರಿಗೂ ಕಾಣುವುದೇ ಇಲ್ಲ! ಫೋನ್ ನಂಬರ್, ವಿಳಾಸ, ಇಪ್ಪತ್ತು ಐಟಂಗಳ ಪಟ್ಟಿಯನ್ನು ಎಲ್ಲರೂ ಹಾಕುವುದು ಅಲ್ಲೇ ಅಲ್ವಾ?

ಇನ್ನು ಅಕ್ಷರ. 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ ಬೇಕು ಅನ್ನುವುದು ಬೋರ್ಡ್ ಬರೆಯುವವರ ಹಳೆಯ ಅಳತೆ. ಅದೂ ನಿಂತು ಓದುವವರಿಗೆ. ಮೇಳದಲ್ಲಿ ಜನ ನಡೆಯುತ್ತಾ ಇರುತ್ತಾರೆ, ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಚೀಲ. ಅವರ ಕಣ್ಣು ನಿಮ್ಮ ಗೋಡೆಯ ಮೇಲೆ ನಿಲ್ಲುವುದು ಎರಡು ಮೂರು ಸೆಕೆಂಡ್. ಹಾಗಾಗಿ ಮುಖ್ಯ ಸಾಲಿಗೆ 4 ಇಂಚಾದರೂ ಇರಲಿ. ಒತ್ತಕ್ಷರ ಬಿಟ್ಟು, ಮೂಲ ಅಕ್ಷರದ ಎತ್ತರವನ್ನಷ್ಟೇ ಅಳೆಯಿರಿ. ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದರೆ ಯಾರ ಕೂಗೂ ಕೇಳಿಸುವುದಿಲ್ಲ. ತುಂಬಿಸಿದ ಗೋಡೆಯೂ ಹಾಗೆಯೇ. ಸುತ್ತ ಖಾಲಿ ಜಾಗ ಇದ್ದರೇ "ಹಲಸಿನ ಹಪ್ಪಳ" ಅನ್ನುವ ಎರಡು ಪದ ದೂರದಿಂದ ಎದ್ದು ಕಾಣುವುದು. ನೀವು ಬಾಡಿಗೆ ಕೊಟ್ಟದ್ದು ಹಾಗೆ ಕಾಣಿಸಿಕೊಳ್ಳಲಿಕ್ಕೆ.

ಚಿತ್ರಕ್ಕೆ ಈಗಿನ ಫೋನೇ ಸಾಕು. ಬೆಳಗ್ಗಿನ ಬೆಳಕಿನಲ್ಲಿ, ಕರಿದ ಹಪ್ಪಳದ ಗುಳ್ಳೆಗಳು ಕಾಣುವಷ್ಟು ಹತ್ತಿರದಿಂದ ತೆಗೆಯಿರಿ. ವಾಟ್ಸಾಪಿನಲ್ಲಿ ಸುಮ್ನೆ ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಕ್ಯೂಆರ್ ಕೋಡ್ ಗೋಡೆಗೆ ಬೇಡ, ಮೇಜಿನ ಮೇಲಿರಲಿ.

ನೀವು ಕೇಳಲಿಲ್ಲ, ಆದರೆ ಕಾಸರಗೋಡಿನಲ್ಲಿ ಪ್ರಿಂಟ್ ಮಾಡಿಸುವವರಿಗೆ ಇದನ್ನು ಹೇಳಲೇಬೇಕು. ಮಲಯಾಳ, ಕನ್ನಡ ಎರಡೂ ಹಾಕಿಸಿ, ಎರಡಕ್ಕೂ ಒಂದೇ ಗಾತ್ರ ಕೊಡಿಸಿ. ಕನ್ನಡವನ್ನು ಮೂಲೆಗೆ ತಳ್ಳಲು ಬಿಡಬೇಡಿ. ಪ್ರೆಸ್ಸಿನಲ್ಲಿ ಕೂತವರಿಗೆ ಕನ್ನಡ ಓದಲು ಬಾರದೆ ಇರಬಹುದು. ಅವರ ಸಾಫ್ಟ್‌ವೇರಿನಲ್ಲಿ ಭಾರತೀಯ ಭಾಷೆಗಳ ಸೆಟ್ಟಿಂಗ್ ಆನ್ ಆಗಿರದಿದ್ದರೆ ಒತ್ತಕ್ಷರ ಒಡೆಯುತ್ತದೆ. "ಉಪ್ಪಿನಕಾಯಿ" ಹೋಗಿ "ಉಪ್‌ಪಿನಕಾಯಿ" ಆಗುತ್ತದೆ. ಅವರ ಕಣ್ಣಿಗೆ ಅದು ಸರಿಯಾಗಿಯೇ ಕಾಣುತ್ತದೆ, ತಪ್ಪು ಅವರದಲ್ಲ. ಕನ್ನಡ ಸಾಲನ್ನು ನೀವೇ ಟೈಪ್ ಮಾಡಿಸಿ, ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಗೆರೆಗಳ ಆಕಾರಕ್ಕೆ, ಬದಲಾಯಿಸಿದ ಪಿಡಿಎಫ್ ಕೊಡಿ. ಆಮೇಲೆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲೂ ಅದು ಕೆಡುವುದಿಲ್ಲ.

ಕೇರಳದಲ್ಲಿ 2019ರಲ್ಲಿ ಪಿವಿಸಿ ಫ್ಲೆಕ್ಸ್ ನಿಷೇಧವಾದ ಮೇಲೆ ಹತ್ತಿ ಬಟ್ಟೆಯ ಮೇಲೆ ಪ್ರಿಂಟ್ ಮಾಡಿಸುವುದು ಜಾಸ್ತಿಯಾಗಿದೆ. ಬಟ್ಟೆಯಲ್ಲಿ ಶಾಯಿ ಸ್ವಲ್ಪ ಹರಡುತ್ತದೆ. ಅಕ್ಷರ ಸಣ್ಣದಾಗಿ, ತೀರಾ ದಪ್ಪಗಿದ್ದರೆ "ಧ"ದ ಕೆಳಗಿನ ಸೀಳು ಮುಚ್ಚಿ "ದ" ಆಗಿಬಿಡುತ್ತದೆ. ಆದ್ದರಿಂದ ಮೊದಲು ಒಂದು ಅಡಿ ಬಟ್ಟೆಯಲ್ಲಿ, ಅದೇ ಗಾತ್ರದಲ್ಲಿ ಒಂದು ಸಾಲು ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿ. ಹನ್ನೆರಡು ಅಡಿ ಹಿಂದೆ ಹೋಗಿ ಓದಿ ನೋಡಿ, ಆಮೇಲೆ ಪೂರ್ತಿ ಆರ್ಡರ್ ಕೊಡಿ.